ನಾಳೆ ಬಾ

ಊರಿನ ಹೆಸರು ಹಲ್. ಹಲ್ಲೂರು ಅನ್ನುತ್ತಾಳೆ ನನ್ನಕ್ಕ.
ಮಾರ್ಕೆಟ್ಟಿನೊಳಗೆ, ಮೀನಿನಂಗಡಿಗೂ
ಗುಂಡಿ-ದಾರದ ಅಂಗಡಿಗೂ ನಡುವೆ
ನಾಲ್ಕಡಿ ಗೂಡು ನನ್ನದು.
ಒಡೆದ ಗಾಜು ಕಿತ್ತು ಹೊಸದು ಕೂರಿಸುತ್ತೇನೆ,
ಉಬ್ಬಿದ ಬ್ಯಾಟರಿಗಳನ್ನು ಮರಳಿನ ಡಬ್ಬಿಯಲ್ಲಿ ಮಲಗಿಸುತ್ತೇನೆ.

ಮಂಗಳವಾರ ಬೆಳಿಗ್ಗೆ ಬಂದವಳು ಮೌರೀನ್ ಥ್ಯಾಕ್ರೆ.
ಎಪ್ಪತ್ತೆಂಟು. ಮಳೆಕೋಟು ಬಿಚ್ಚದೆ ನಿಂತಳು.
ಫೋನನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು,
ಸತ್ತ ಗುಬ್ಬಿಯನ್ನು ತಂದ ಹಾಗೆ.
"ಬ್ಯಾಂಕಿನವನು ಅಂದ. ದನಿ ಎಷ್ಟು ಮೆದು ಅಂತೀಯ!
ಇಲ್ಲಿ ಒತ್ತಿ ಅಂದ, ಒತ್ತಿದೆ.
ಅಪಾಯ ಅಂತ ಕೆಂಪಗೆ ಬಂತು.
ಅದು ಮಾಮೂಲು, ಮುಂದೆ ಹೋಗಿ ಅಂದ. ಹೋದೆ.
ನಾಲ್ಕು ಸಾವಿರದ ಇನ್ನೂರು ಪೌಂಡು.
ನನ್ನ ಮಣ್ಣಿಗೆ ಅಂತ ಇಟ್ಟದ್ದು."
ಆಮೇಲೆ ಕೇಳಿದಳು: "ಇನ್ನು ನಾನೇ ಬಯಸಿದರೂ
ತೆರೆಯದ ಹಾಗೆ ಮುಚ್ಚಿಕೊಡುತ್ತೀಯಾ?"

ಹಿರಿಯೂರಿನ ನಮ್ಮ ಓಣಿಯಲ್ಲಿ ಒಂದು ವರ್ಷ
ಬಾಗಿಲು ಬಾಗಿಲಿಗೂ ಸುಣ್ಣದಲ್ಲಿ ಬರೆದಿದ್ದರು: ನಾಳೆ ಬಾ.
ರಾತ್ರಿ ಬರುವವಳು ಗೊತ್ತಿರುವವರ ದನಿಯಲ್ಲೇ ಕರೆಯುತ್ತಾಳಂತೆ,
ತಾಯಿಯ ದನಿ, ತಂಗಿಯ ದನಿ,
ಓ ಅಂದರೆ ಮುಗಿಯಿತು.
ಅಕ್ಷರ ಬಲ್ಲ ದೆವ್ವ ಅದು, ಮಾತಿಗೆ ಬೆಲೆ ಕೊಡುವ ದೆವ್ವ.
ಓದಿ, ತಿರುಗಿ ಹೋಗಿ, ಮರುದಿನ ಬಂದು ಮತ್ತೆ ಓದುತ್ತಿತ್ತು.
ಈಗಿನವು ಹಾಗಲ್ಲ.
ಮೌರೀನಳ ಫೋನಿನಲ್ಲಿ ಹೊರಗಿನ ಬಾಗಿಲೆಲ್ಲ ಮುಚ್ಚಿದೆ.
ದುಡ್ಡು ಬೇಡವೆಂದೆ. ಪುದೀನ ಮಿಠಾಯಿಯ ಪೊಟ್ಟಣ ಇಟ್ಟು ಹೋದಳು.

ಮೂರು ಗಂಟೆಗೆ ಕ್ರೇಗ್, ಬಸ್ಸಿನ ಡ್ರೈವರ್.
ಒಂಬತ್ತರ ಮಗಳಿಗೆ ಸಕ್ಕರೆ ಕಾಯಿಲೆ,
ತೋಳಿನ ಮೇಲೆ ನಾಣ್ಯದಷ್ಟು ಯಂತ್ರ.
ರಾತ್ರಿ ಪಾಳಿಯಲ್ಲಿ ಅವಳ ರಕ್ತದ ಅಂಕಿ
ತನ್ನ ಕೈಗಡಿಯಾರದಲ್ಲಿ ಕಾಣಬೇಕು ಅವನಿಗೆ.
ಅಂಥದ್ದೊಂದು ಆ್ಯಪ್ ಇದೆ. ಅದೇ ಕಾಯಿಲೆಯ ಮಕ್ಕಳಿರುವ
ಯಾರೋ ನಾಲ್ಕು ಜನ ನಿದ್ದೆಗೆಟ್ಟು ಬರೆದದ್ದು.
ಕಂಪನಿಯ ಅಂಗಡಿಯಲ್ಲಿಲ್ಲ. ಮುದ್ರೆಯಿಲ್ಲ, ಮೊಹರಿಲ್ಲ,
ಗುರುತುಚೀಟಿ ತೋರಿಸಲು ಆ ನಾಲ್ವರಿಗೆ ಮನಸ್ಸಿಲ್ಲ.
ಒತ್ತಿದ. ಕೆಂಪಗೆ ಬಂತು,
ಮೌರೀನಳಿಗೆ ಬಂದ ಅದೇ ಕೆಂಪು, ಅದೇ ಅಕ್ಷರ.
"ಅದು ಮಾಮೂಲು, ಮುಂದೆ ಹೋಗಿ" ಅಂದೆ.
ಕೇಳಿಸಿತು ನನಗೆ,
ನನ್ನ ದನಿ ಎಷ್ಟು ಮೆದು.

ಫೋನೇ ಒಪ್ಪಲಿಲ್ಲ. ಹೊಸ ಅಪ್‌ಡೇಟು, ಹೊಸ ಎಚ್ಚರ:
ಇಪ್ಪತ್ನಾಲ್ಕು ಗಂಟೆ ಕಾಯಿರಿ.

ಯಾರ ಮನೆಯ ಬಾಗಿಲಿಗೆ ಯಾರು ಬರೆದರು ಇದನ್ನು?
ಸುಣ್ಣದ ಬಟ್ಟಲು ಮನೆಯವರ ಕೈಯಲ್ಲಿದ್ದಾಗ
ಒರೆಸುವ ಒದ್ದೆ ಬಟ್ಟೆಯೂ ಅವರ ಕೈಯಲ್ಲೇ ಇತ್ತು.
ಸೂಲಗಿತ್ತಿ ಹನುಮಕ್ಕನಿಗೆ, ಪುಣ್ಯ, ಓದು ಬರುತ್ತಿರಲಿಲ್ಲ;
ಸರಿರಾತ್ರಿಯಲ್ಲಿ ನೇರ ಬಂದು ಕದ ಬಡಿಯುತ್ತಿದ್ದಳು.

ಹೀಗಂತ ಕ್ರೇಗನಿಗೆ ಹೇಳಬಹುದಿತ್ತು.
ಮಿಠಾಯಿ ಪೊಟ್ಟಣ ಕಣ್ಣೆದುರಿಗೇ ಇತ್ತು.
ಆ ಒಂದು ದಿನ ಅವಳಿಗೆ ಸಿಕ್ಕಿದ್ದರೆ
ಹಾಲಿನವನಾದರೂ ಕೇಳುತ್ತಿದ್ದ, ಯಾವ ಬ್ಯಾಂಕಮ್ಮ ಅಂತ.

"ಇವತ್ತು ರಾತ್ರಿ?" ಅಂದ.
"ಮನೆಯಲ್ಲಿ ಯಾರಾದರೂ ಎದ್ದಿರಲಿ."
"ಅಜ್ಜಿ ಇದ್ದಾಳೆ. ಕಿವಿ ಮಂದ."
ಅಲ್ಲೇ ನಿಂತು ಡಿಪೋಗೆ ಕರೆ ಮಾಡಿ
ಮೈ ಸರಿಯಿಲ್ಲ ಎಂದು ಸುಳ್ಳು ಹೇಳಿದ.
ಸುಳ್ಳಿಗೆ ಯಾವ ಕೆಂಪೂ ಬರಲಿಲ್ಲ.

ಬುಧವಾರ ಮೂರೂ ಐದಕ್ಕೆ ಅಂಕಿ ಮೂಡಿತು,
ಆರೂವರೆ, ಪಕ್ಕದಲ್ಲಿ ನೇರ ಮಲಗಿದ ಬಾಣ.
ನೋಡುತ್ತಲೇ ಇದ್ದ. ನಾನೂ ನೋಡಿದೆ.

ಸಂಜೆ ಶಟರ್ ಎಳೆದು ಬೀಗ ಹಾಕಿದೆ.
ಇನ್ನೊಂದು ಕೀಲಿಕೈ ಮಾರ್ಕೆಟ್ಟಿನ ಆಫೀಸಿನಲ್ಲಿದೆ,
ಬೆಂಕಿ ಬಿದ್ದರೆ ಅಂತ.
ಕೊಟ್ಟವಳು ನಾನೇ.